ಎರಡು ಕಾರ್ಡಿನ ಎಲೆ

ಬಿಕರ್ನಕಟ್ಟೆಯ ಬೀಡಿ ಬ್ರಾಂಚಿನಲ್ಲಿ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಚೆನ್ನಪ್ಪ ಕೆಲಸ ಉಳಿದವರ ಪಟ್ಟಿ ಓದಿದ ದಿನ ಅಪ್ಪಿಯ ಹೆಸರು ಒಂಬತ್ತನೆಯದಾಗಿ ಬಂತು. ಸಾರಮ್ಮನ ಹೆಸರು ಬರಲೇ ಇಲ್ಲ.

ಬೀಡಿ ಮೊದಲಿನಂತೆ ಖರ್ಚಾಗುತ್ತಿರಲಿಲ್ಲ. ವಾರಕ್ಕೆ ಆರು ದಿನ ಸಿಗುತ್ತಿದ್ದ ಎಲೆ ಮತ್ತು ಹೊಗೆಸೊಪ್ಪಿನ ಪುಡಿ ಮೊದಲು ನಾಲ್ಕು ದಿನಕ್ಕೆ ಇಳಿದಿತ್ತು, ಮಳೆಗಾಲ ಮುಗಿಯುವಾಗ ಎರಡು ದಿನಕ್ಕೆ. ಈಗ ಆ ಎರಡು ದಿನದ ಕೆಲಸವೂ ಅರವತ್ತು ಹೆಂಗಸರಲ್ಲಿ ಅರ್ಧ ಜನರಿಗೆ ಮಾತ್ರ ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಚೆನ್ನಪ್ಪ ಕೆಟ್ಟ ಮನುಷ್ಯನಲ್ಲ. ಯಾರ ಬೀಡಿ ಗಟ್ಟಿ, ಯಾರದ್ದು ಸಡಿಲ ಎಂದು ನೋಡಿಯೇ ಮೂವತ್ತು ಹೆಸರು ಬರೆದಿದ್ದ. ಓದುವಾಗ ಮಾತ್ರ ಒಮ್ಮೆಯೂ ತಲೆ ಎತ್ತಲಿಲ್ಲ.

ತನ್ನ ಹೆಸರು ಕೇಳಿದಾಗ ಅಪ್ಪಿಗೆ ಜೀವ ಬಂದಂತಾಯಿತು. ಮರುಕ್ಷಣ ಪಕ್ಕದಲ್ಲಿ ನಿಂತ ಸಾರಮ್ಮನ ಮುಖ ನೋಡಲು ಆಗಲಿಲ್ಲ. ಎಲೆಯ ಕಟ್ಟು ಎತ್ತಿಕೊಂಡು, ಗಂಡನಿಗೆ ಊಟಕ್ಕೆ ತಡವಾಗುತ್ತದೆ ಎಂದು ಸುಳ್ಳು ಹೇಳಿ, ಬೇಗ ಬೇಗ ಹೆಜ್ಜೆ ಹಾಕಿದಳು. ಗಂಡ ಚನಿಯ ಬಿಜೈಯ ಒಂದು ಫ್ಲ್ಯಾಟಿನಲ್ಲಿ ವಾಚ್‌ಮನ್. ಅವನು ಮನೆಗೆ ಬರುವುದು ಸಂಜೆಗೆ.

ಇಪ್ಪತ್ತು ವರ್ಷಗಳಿಂದ ಅಪ್ಪಿ ಮತ್ತು ಸಾರಮ್ಮ ಇಬ್ಬರೂ ಅಪ್ಪಿಯ ಮನೆಯ ಜಗಲಿಯಲ್ಲಿ ಎದುರುಬದುರು ಕುಳಿತು ಬೀಡಿ ಕಟ್ಟಿದವರು. ಸಾರಮ್ಮನ ಗಂಡ ತೀರಿಕೊಂಡ ವರ್ಷವೂ, ಅಪ್ಪಿಯ ಮಗ ಮುಖೇಶ್ ಗಲ್ಫಿಗೆ ಹೋದ ವರ್ಷವೂ ಆ ಜಗಲಿಯಲ್ಲೇ ಕಳೆದವು. ಎರಡು ವರ್ಷದಿಂದ ಸಾರಮ್ಮನ ಬಲಗೈ ಹೆಬ್ಬೆರಳು ಸೆಟೆದುಕೊಳ್ಳುತ್ತಿತ್ತು. ಬೀಡಿ ಸಡಿಲವಾಗುತ್ತಿದ್ದುದು ಅದರಿಂದಲೇ.

ಮರುದಿನ ಬೆಳಿಗ್ಗೆ ಅಪ್ಪಿ ಗೆರಸೆಯನ್ನು ತೊಡೆಯ ಮೇಲಿಟ್ಟು ಕುಳಿತಳು. ಸಾರಮ್ಮ ಬರಲಿಲ್ಲ. ಅಪ್ಪಿ ಹತ್ತು ಬೀಡಿ ಕಟ್ಟಿ ಎದ್ದಳು. ಒಲೆ ನೋಡಿ ಬಂದಳು. ಮತ್ತೆ ಕುಳಿತಳು. ನೂಲು ಎರಡು ಸಲ ತುಂಡಾಯಿತು. ಗೇಟಿನವರೆಗೆ ಹೋಗಿ ಓಣಿಯನ್ನು ಇಣುಕಿದಳು. ಕಾರಣವಿಲ್ಲದೆ ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು.

ಅಂದು ಚನಿಯನಿಗೆ ರಜೆ. "ಎಂತ ಮಾರಾಯ್ತಿ, ಒಂದು ಕಡೆ ಕೂತ್ಕೊಳ್ಳಿಕ್ಕೆ ಆಗುದಿಲ್ವಾ ನಿಂಗೆ?" ಎಂದ.

"ಎರಡು ದಿನದ ಕೆಲಸ. ಕೂತ್ರೆ ನಾಳೆಗೆ ಮುಗಿದು ಹೋಗ್ತದೆ. ಮತ್ತೆ ಎಂತ ಮಾಡುದು?"

ಅವಳು ತನ್ನ ಎಲೆಯಲ್ಲಿ ಅರ್ಧವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸಾರಮ್ಮನ ಮನೆಗೆ ಹೊರಟಳು.

ಸಾರಮ್ಮ ಬಾಗಿಲಲ್ಲೇ ನಿಂತು ಆ ಗಂಟನ್ನು ನೋಡಿದಳು. ಕೈ ಮುಂದೆ ಚಾಚಲಿಲ್ಲ.

"ನೀನು ಎಲೆ ಕೊಟ್ರೂ ಹೆಸರು ನಿನ್ನದೇ ಅಲ್ವಾ ಅಪ್ಪಿಯಕ್ಕ? ನಂಗೆ ಬೇಕಾದ್ದು ಎಲೆ ಅಲ್ಲ, ಕಾರ್ಡಲ್ಲಿ ಕೆಲಸ ಬೀಳ್ಬೇಕು. ಕಾರ್ಡ್ ಸತ್ರೆ ಹಸ್ನಾಳ ಸ್ಕಾಲರ್‌ಶಿಪ್ಪೂ ಹೋಯ್ತು."

ಹಸ್ನಾ ಅವಳ ಮಗಳು, ಅತ್ತಾವರದಲ್ಲಿ ನರ್ಸಿಂಗ್ ಎರಡನೇ ವರ್ಷ. ಬೀಡಿ ಕಟ್ಟುವವರ ಮಕ್ಕಳಿಗೆ ಸಿಗುವ ಸ್ಕಾಲರ್‌ಶಿಪ್ಪಿಗೆ ತಾಯಿಯ ಬೀಡಿ ಕಾರ್ಡು ಬೇಕು. ಕೆಲಸ ಇಲ್ಲದವರ ಕಾರ್ಡು ಎಷ್ಟು ತಿಂಗಳು ನಡೆಯುತ್ತದೆ ಎಂಬುದು ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೆದರಿಕೆ ಮಾತ್ರ ಎಲ್ಲರಿಗೂ ಇತ್ತು.

ಅಪ್ಪಿ ಗಂಟು ಹಿಡಿದುಕೊಂಡೇ ವಾಪಸು ಬಂದಳು. ಆ ಎಲೆಯನ್ನೂ ತಾನೇ ಕಟ್ಟಿ ಮುಗಿಸಿದಳು. ಕಟ್ಟಿದ ಬೀಡಿ ಒಪ್ಪಿಸುವ ದಿನ ಬ್ರಾಂಚಿಗೆ ಹೋಗಿ, ಬೀಡಿ ನೋಡುತ್ತಿದ್ದ ಚೆನ್ನಪ್ಪನ ಮೇಜಿನ ಮುಂದೆ ನಿಂತಳು.

"ಚೆನ್ನಪ್ಪಣ್ಣ, ಒಂದು ವಾರ ನನ್ನ ಕಾರ್ಡಿಗೆ ಕೊಡಿ, ಇನ್ನೊಂದು ವಾರ ಸಾರಮ್ಮನ ಕಾರ್ಡಿಗೆ. ಕಂಪೆನಿಗೆ ಬೀಡಿ ಸಿಕ್ಕಿದ್ರೆ ಸಾಕಲ್ವಾ?"

"ಅವಳ ಬೀಡಿ ಸಡಿಲ ಬಂದ್ರೆ?"

"ನನ್ನ ವಾರದ ದುಡ್ಡಿಂದ ಕಳೀರಿ."

ಚೆನ್ನಪ್ಪ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ನಿಮಗೊಬ್ಬರಿಗೆ ಹಾಗೆ ಮಾಡಿದ್ರೆ ನಾಳೆ ಎಲ್ಲರೂ ಕೇಳ್ತಾರೆ."

"ಕೇಳ್ಲಿ."

ಸಾಲಿನಲ್ಲಿ ಹಿಂದೆ ನಿಂತಿದ್ದ ಆರಿಫಾ ಎಂಬವಳಿಗೆ ರೇಗಿತು. ಮೂರು ಮಕ್ಕಳ ತಾಯಿ. ಪಟ್ಟಿಯಲ್ಲಿ ಅವಳ ಹೆಸರಿತ್ತು. "ನಿಮ್ಮ ಮಗ ಗಲ್ಫಲ್ಲಿದ್ದಾನೆ. ದೊಡ್ಡ ಮನಸ್ಸು ಮಾಡ್ಲಿಕ್ಕೆ ನಿಮಗೆ ಆಗ್ತದೆ. ನಾಳೆ ನಮ್ಮನ್ನೂ ಹಂಚಿ ಅಂತಾರೆ. ನಮ್ಮ ಗಂಜಿಗೆ ಯಾಕೆ ಕಲ್ಲು ಹಾಕ್ತೀರಿ?"

ಮುಖೇಶನ ವಿಷಯವನ್ನು ಅಪ್ಪಿ ತಿಂಗಳುಗಟ್ಟಲೆ ಯಾರಿಗೂ ಹೇಳಿರಲಿಲ್ಲ, ಸಾರಮ್ಮನಿಗೂ ಇಲ್ಲ. ಮಗ ಗಲ್ಫಿನಲ್ಲಿದ್ದಾನೆ ಎಂಬ ಒಂದು ಮಾತಿನ ಮೇಲೆ ಓಣಿಯಲ್ಲಿ ಅವಳ ಮರ್ಯಾದೆ ನಿಂತಿತ್ತು. ಸುಮ್ಮನೆ ಎಲೆ ಎತ್ತಿಕೊಂಡು ಹೋಗಿಬಿಡಬಹುದಿತ್ತು. ಹೋಗಲಿಲ್ಲ.

"ಅವನಿಗೆ ಸಂಬಳ ಆಗದೆ ಐದು ತಿಂಗಳಾಯ್ತು ಆರಿಫಾ," ಎಂದಳು. "ಕಂಪೆನಿ ಪಾಸ್‌ಪೋರ್ಟೂ ಕೊಡುದಿಲ್ಲ, ಪೈಸೆಯೂ ಕೊಡುದಿಲ್ಲ. ಹತ್ತು ಜನ ಒಂದು ಕೋಣೆಯಲ್ಲಿ ಅಕ್ಕಿ ಒಟ್ಟು ಹಾಕಿ ಬೇಯಿಸಿ ತಿಂತಿದ್ದಾರೆ. ಇವನ ಪಾಲು ಮುಗಿದ ದಿನ ಕೇರಳದವನೊಬ್ಬ ತನ್ನದ್ರಲ್ಲಿ ಬಡಿಸಿದನಂತೆ. ಅದನ್ನು ಕೇಳಿದ ಮೇಲೆ ಈ ಎಲೆಯನ್ನು ನಾನೊಬ್ಳೇ ಕಟ್ಟುದು ಹೇಗೆ?"

ಆರಿಫಾ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು. ಚೆನ್ನಪ್ಪ ಪುಸ್ತಕ ತೆರೆದು, "ಸಾರಮ್ಮ, ಮುಂದಿನ ವಾರ," ಎಂದು ತನಗೆ ತಾನೇ ಹೇಳಿಕೊಂಡು ಬರೆದ. ಸಂಜೆಯೊಳಗೆ ಇನ್ನೂ ಏಳು ಜೋಡಿ ಹಾಗೆಯೇ ಹೆಸರು ಬರೆಸಿದವು. ಉಳಿದವರು ತಮ್ಮ ಪಾಲು ಬಿಡಲಿಲ್ಲ. ಆರಿಫಾಳೂ ಬಿಡಲಿಲ್ಲ. ಅಪ್ಪಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ.

ಸಿಟ್ಟು ಬಂದದ್ದು ಸಾರಮ್ಮನ ಮೇಲೆ. ತನ್ನ ವಾರದ ಎಲೆಯನ್ನು ಸಾರಮ್ಮ ಹಟ ಹಿಡಿದು ಮನೆಯಲ್ಲೇ ಒಬ್ಬಳೇ ಕಟ್ಟಿದಳು. ನಾಲ್ಕರಲ್ಲಿ ಒಂದು ಕಟ್ಟನ್ನು ಚೆನ್ನಪ್ಪ ಸಡಿಲವೆಂದು ಪಕ್ಕಕ್ಕೆ ಎತ್ತಿಟ್ಟ. ಮಾತಿನ ಪ್ರಕಾರ ಅದು ಅಪ್ಪಿಯ ತಲೆಗೆ ಬಂತು. ಅವಳು ಸೀದಾ ಸಾರಮ್ಮನ ಮನೆಗೆ ನುಗ್ಗಿದಳು.

"ಬೆರಳು ಆಗುದಿಲ್ಲಾಂತ ಬಾಯಿ ಬಿಟ್ಟು ಹೇಳ್ಲಿಕ್ಕೆ ಎಂತ ನಿಂಗೆ?"

"ನಿನ್ನ ಉಪಕಾರದ ಮೇಲೆ ಬದುಕುವುದು ಬೇಡ ಅಂತ ಕಟ್ಟಿದೆ."

"ಉಪಕಾರ ಅಂತೆ. ನಂಗೆ ಒಬ್ಳೇ ಕೂತು ಹುಚ್ಚು ಹಿಡೀತಾ ಉಂಟು."

ಸಾರಮ್ಮ ತನ್ನ ಹೆಬ್ಬೆರಳನ್ನು ನೀವಿಕೊಂಡಳು. "ಕತ್ತರಿ ಹಿಡೀಲಿಕ್ಕೆ ಆಗ್ತದೆ," ಎಂದಳು. "ಸುತ್ತುವಾಗಲೇ ನೋಯುದು."

ಅಲ್ಲಿಂದ ಯಾರ ವಾರವೇ ಇರಲಿ, ಸಾರಮ್ಮ ಎಲೆ ಕತ್ತರಿಸಿದಳು, ಅಪ್ಪಿ ಸುತ್ತಿದಳು. ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗಿಯತೊಡಗಿತು. ಆದರೆ ಸಿಗುವುದು ಇಬ್ಬರಿಗೂ ಅರ್ಧವೇ. ಹೀಗೆ ಕೈ ಖಾಲಿಯಾದ ದಿನಗಳಲ್ಲಿ ಅಪ್ಪಿ ಓಣಿಯ ತುದಿಯಿಂದ ಬಸ್ಸು ಹತ್ತಿ ಬೇರೆ ಕೆಲಸ ಹುಡುಕುತ್ತಾ ಅಲೆದಳು. ಬಟ್ಟೆ ಅಂಗಡಿಯವರು ಪ್ರಾಯ ಕೇಳಿದರು. ಒಂದು ಆಸ್ಪತ್ರೆಯಲ್ಲಿ ಫೋಟೋ ಕೊಟ್ಟು ಹೋಗಿ ಎಂದರು, ಕರೆಯಲಿಲ್ಲ. ಕೊನೆಗೆ ಅತ್ತಾವರದ ಒಂದು ಲೇಡೀಸ್ ಹಾಸ್ಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಸಿಕ್ಕಿತು, ವಾರಕ್ಕೆ ನಾಲ್ಕು ದಿನ. ಇಡೀ ದಿನ ನಿಂತೇ ಮಾಡುವ ಕೆಲಸ. ಇಪ್ಪತ್ತು ವರ್ಷ ಕುಳಿತೇ ದುಡಿದವಳ ಕಾಲುಗಳು ಮೊದಲ ವಾರವೇ ಬಾತುಕೊಂಡವು.

ದೀಪಾವಳಿ ಕಳೆದ ಮೇಲೆ ಬ್ರಾಂಚನ್ನೇ ಮುಚ್ಚುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಚೆನ್ನಪ್ಪನನ್ನು ಕೇಳಿದರೆ, "ನಂಗೂ ಹೇಳಿಲ್ಲ," ಎಂದ. ಅವನ ಮುಖವೂ ಸಣ್ಣದಾಗಿತ್ತು.

ಮರುದಿನ ಅಪ್ಪಿ ಹಾಸ್ಟೆಲಿನ ಮೇಟ್ರನ್ ಎದುರು ಹೋಗಿ ನಿಂತಳು. "ಇನ್ನೊಬ್ಳು ಇದ್ದಾಳೆ ಮೇಡಂ. ಕತ್ತರಿ ಆಗಲಿ, ಚೂರಿ ಆಗಲಿ, ಅವಳ ಕೈ ನನ್ನದಕ್ಕಿಂತ ಚುರುಕು."

"ಸೋಮವಾರ ಕರ್ಕೊಂಡು ಬನ್ನಿ, ನೋಡ್ವ. ಮಾತು ಕೊಡುದಿಲ್ಲ."

ಸಂಜೆ ಬಸ್ಸಿಳಿದ ಅಪ್ಪಿ ತನ್ನ ಮನೆಗೆ ಹೋಗದೆ ನೇರ ಸಾರಮ್ಮನ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಕುಳಿತುಕೊಳ್ಳದೆ, ನಿಂತೇ ಮೇಟ್ರನ್ ಹೇಳಿದ್ದನ್ನು ತಿಳಿಸಿದಳು. ಸಾರಮ್ಮ ತಾನು ಬಸ್ಸು ಹತ್ತಿ ಕೆಲಸಕ್ಕೆ ಹೋದವಳೇ ಅಲ್ಲ, ಗಂಡನಿದ್ದಾಗಲೂ ಇಲ್ಲ ಎಂದಳು. ಹಾಸ್ಟೆಲಿನವರು ಎಂತ ಹೇಳ್ತಾರೋ, ಬೆರಳು ಹೇಗಿರುತ್ತದೋ ಎಂದಳು.

"ಅದೆಲ್ಲ ಸೋಮವಾರ ನೋಡ್ವ," ಎಂದಳು ಅಪ್ಪಿ. "ಆರೂವರೆಗೆ ಹೊರಡ್ಬೇಕು. ಚಪ್ಪಲಿ ಗಟ್ಟಿದು ಹಾಕು, ಅಲ್ಲಿ ನೆಲ ಯಾವಾಗ್ಲೂ ಒದ್ದೆ."