ಬುನ್ನಾಮಕ್ಕನ ವ್ಯಾನು

ಬುನ್ನಾಮಕ್ಕನ ಗಂಡ ಸಾಂಗ್‌ಪಿಲ್ ಸತ್ತದ್ದು ಕಡಲ ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ತೆಗೆಯುವ ಶೆಡ್ಡಿನ ಬಾಗಿಲಲ್ಲಿ, ಚಳಿಗಾಲದ ಒಂದು ಬೆಳಿಗ್ಗೆ. ಒಳಗೆ ನಾವು ಹೆಂಗಸರೆಲ್ಲ ಚಾಕು ಹಿಡಿದು ಸಾಲಾಗಿ ಕೂತಿದ್ದೆವು. ಎದೆ ಹಿಡಿದುಕೊಂಡು ದೋಣಿಯಿಂದ ಇಳಿದವನು, ನೇರ ಹೋದದ್ದು ಊರಿನ ಮುಖ್ಯಸ್ಥ ಗಿಹೊನ ಲಾರಿಯ ಹತ್ತಿರ. ಆ ಹೊತ್ತಿಗೆ ಊರಲ್ಲಿದ್ದ ಗಾಡಿ ಅದೊಂದೇ. ಸಿಂಪಿ ಹರಾಜಿಗೆ ತಡವಾದರೆ ಇಡೀ ಊರಿಗೇ ನಷ್ಟ, ಆಂಬುಲೆನ್ಸ್ ಕರೆಸಿ ಎಂದು ಹೇಳಿ ಹೊರಟೆ ಅಂತ ಗಿಹೊ ಆಮೇಲೆ ಊರಿಗೆಲ್ಲ ಹೇಳಿದ. ಟೊಂಗ್ಯಂಗ್ ಪೇಟೆಯಿಂದ ಗುಡ್ಡ ಹತ್ತಿಳಿದು ಆಂಬುಲೆನ್ಸ್ ಬರುವಷ್ಟರಲ್ಲಿ ಸಾಂಗ್‌ಪಿಲ್‌ನ ಕೈ ತಣ್ಣಗಾಗಿತ್ತು.

ಬುನ್ನಾಮಕ್ಕ ಅಳಲಿಲ್ಲ. ಸೂತಕ ಕಳೆದ ಮೇಲೆ ಶೆಡ್ಡಿಗೆ ಬಂದವಳೇ ಡ್ರೈವಿಂಗ್ ಕಲಿಯುತ್ತೇನೆ ಎಂದಳು. ಅವಳಿಗೆ ಓದು ಅಷ್ಟಕ್ಕಷ್ಟೆ. ಪರೀಕ್ಷೆಯ ಪ್ರಶ್ನೆಗಳನ್ನು ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ, ಅವಳು ಸಿಂಪಿಯ ಬಾಯಿಗೆ ಚಾಕು ತೂರಿಸುತ್ತ ಉತ್ತರ ಕೊಡುತ್ತಿದ್ದಳು. ಫೇಲಾದಾಗಲೆಲ್ಲ ಮತ್ತೆ ಕಟ್ಟಿದಳು. ಕೊನೆಗೆ ಪಾಸಾದಳು. ಮುಚ್ಚಿಹೋದ ಶಿಶುವಿಹಾರದ ಹಳದಿ ವ್ಯಾನೊಂದನ್ನು ನಾವೆಲ್ಲ ಸೇರಿ ತಂದೆವು. ಊರಿನ ರೋಗಿಗಳು, ಬಸುರಿಯರು, ಮುದುಕರು, ಯಾರು ಕರೆದರೂ ಆಸ್ಪತ್ರೆಗೆ ಕರೆದೊಯ್ಯುವುದು, ಜೊತೆಗೆ ನಮ್ಮಲ್ಲೊಬ್ಬಳು ಕೂತು ಬರುವುದು. ಹೀಗೆ ಹುಟ್ಟಿತು ನಮ್ಮ ಜೊತೆಗಾತಿಯರ ಸಂಘ.

ಯಾರನ್ನೂ ಇಲ್ಲ ಅನ್ನುವಂತಿಲ್ಲ ಎಂಬುದು ಅವಳೇ ಮಾಡಿದ ನಿಯಮ. ಗಿಹೊ ಕರೆದರೂ ಹೋಗೋದಾ ಎಂದು ನಾನು ಕೇಳಿದೆ.

"ಅವ್ನು ಕರೀಲಿ ಅಂತಾನೇ ಅಲ್ವೇನೇ ಇದೆಲ್ಲ" ಎಂದಳು.

ಅವಳು ಕಾದಳು. ಕಾಯುತ್ತ ಕಾಯುತ್ತಲೇ ಊರಿನ ಎಷ್ಟೋ ಜನರ ಜೀವ ಉಳಿಸಿದಳು. ಯಾರಾದರೂ ಕೈಮುಗಿದರೆ ಅವಳಿಗೆ ಕಿರಿಕಿರಿಯಾಗುತ್ತಿತ್ತು.

ಗಿಹೊನ ಕಾಲ ತಿರುಗಿತು. ಸಕ್ಕರೆ ಕಾಯಿಲೆ ಕಣ್ಣು ತಿಂದಿತು, ಆಮೇಲೆ ಮೂತ್ರಪಿಂಡ ಕೆಟ್ಟಿತು. ಲಾರಿ ಮಾರಿಹೋಯಿತು. ಡಯಾಲಿಸಿಸ್‌ಗೆಂದು ವಾರಕ್ಕೆ ಮೂರು ಸಲ ಪೇಟೆಯಿಂದ ಟ್ಯಾಕ್ಸಿ ತರಿಸಿಕೊಂಡ, ವ್ಯಾನಿನತ್ತ ತಿರುಗಿಯೂ ನೋಡಲಿಲ್ಲ. ಹಿಮ ಬಿದ್ದ ವಾರ ಟ್ಯಾಕ್ಸಿಯವರು ಗುಡ್ಡ ಹತ್ತುವುದಿಲ್ಲ ಎಂದರು. ಅವನ ಹೆಂಡತಿ ಯೊನ್‌ಹ್ವಾ ನಮ್ಮ ಶೆಡ್ಡಿಗೆ ಬಂದು ನಿಂತಳು. ಬುನ್ನಾಮಕ್ಕ ಚಾಕು ಕೆಳಗಿಡದೆ, ಬೇಕಾದವರೇ ಬಾಯಿಬಿಟ್ಟು ಕೇಳಲಿ ಎಂದು ಅವಳನ್ನು ಕಳಿಸಿದಳು. ಸಂಜೆ ಗಿಹೊ ಗೋಡೆ ತಡಕಿಕೊಂಡು ತಾನೇ ಬಂದು ಕೇಳಿದ.

"ಬನ್ನಿ ಮುಖ್ಯಸ್ಥರೇ, ಮುಂದಿನ ಸೀಟು ನಿಮಗೇ" ಎಂದಳು ಅವಳು. ಅವನು ಮುಖ್ಯಸ್ಥನಾಗಿ ಉಳಿದಿರಲಿಲ್ಲ.

ಅಂದಿನಿಂದ ಪ್ರತಿ ಸಲವೂ, ಗಾಡಿ ಗುಡ್ಡ ಹತ್ತತೊಡಗಿದ ಕೂಡಲೇ, ಸಾಂಗ್‌ಪಿಲ್ ಸತ್ತ ಬೆಳಗಿನ ಕಥೆಯನ್ನು ಅವಳು ಮೊದಲಿಂದ ಹೇಳುತ್ತಿದ್ದಳು. ಕೊನೆಗೆ, "ಆ ಗಾಡಿ ಯಾರದು ಗೊತ್ತಾ? ಇಲ್ಲೇ ಕೂತಿದ್ದಾರಲ್ಲ, ಇವ್ರದೇ." ಹಿಂದೆ ಕೂತವರು ಕಿಟಕಿಯಾಚೆ ನೋಡುತ್ತಿದ್ದರು. ಸಾಕು ಮಾಡಕ್ಕ, ಜನ ವ್ಯಾನು ಹತ್ತೋಕೆ ಹಿಂದೆಮುಂದೆ ನೋಡ್ತಿದ್ದಾರೆ ಎಂದು ನಾನು ಬೇಡಿಕೊಂಡೆ. ಬೇಡದವರು ನಡಕೊಂಡು ಹೋಗಲಿ ಎಂದಳು.

ಒಂದು ದಿನ ವಿಯೆಟ್ನಾಂನಿಂದ ಮದುವೆಯಾಗಿ ಬಂದ ಬಸುರಿ ಹುಡುಗಿ ಹೊಸದಾಗಿ ಹತ್ತಿದಳು. ಬುನ್ನಾಮಕ್ಕ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಿಹೊ ಬಾಯಿಬಿಟ್ಟ.

"ಇವತ್ತು ನಾನೇ ಹೇಳ್ತೀನಿ. ಹರಾಜಿಗೆ ಇನ್ನೂ ಹೊತ್ತಿತ್ತು. ಲಾರೀಲಿ ಅರ್ಧ ಜಾಗ ಖಾಲಿ. ಸಾಂಗ್‌ಪಿಲ್ ಕಿಟಕಿ ಬಡಿದ. ವಾಂತಿ ಮಾಡ್ಕೊಂಡಿದ್ದ. ಹೊಸ ಸೀಟು ಹಾಳಾಗತ್ತಲ್ಲ ಅನ್ನಿಸ್ತು. ಗಾಜು ಇಳಿಸ್ಲಿಲ್ಲ ನಾನು. ಹರಾಜಿನ ಮಾತು ಆಮೇಲೆ ಹುಟ್ಟಿಸಿಕೊಂಡು ಹೇಳಿದ್ದು."

ವ್ಯಾನು ನಿಂತಿತು. ಬುನ್ನಾಮಕ್ಕ ಇಳಿದು ಹೋಗಿ ಅವನ ಕಡೆಯ ಬಾಗಿಲು ತೆಗೆದಳು. ಹಿಮಗಾಳಿ ಒಳನುಗ್ಗಿತು. ಗಿಹೊ ಏನೂ ಕೇಳದೆ ತಾನೇ ಸೀಟಿನ ಬೆಲ್ಟು ಬಿಚ್ಚಿಕೊಂಡ, ಒಂದು ಕಾಲು ಹೊರಗಿಟ್ಟ. ಆ ಚಳಿಯಲ್ಲಿ ಇಳಿಸಿ ಅವತ್ತಿನ ಡಯಾಲಿಸಿಸ್ಸೂ ತಪ್ಪಿದರೆ ಅವನು ಉಳಿಯುವಂತಿರಲಿಲ್ಲ.

"ಕಾಲು ಒಳಗಿಡು" ಎಂದಳು ಅವಳು. "ಇಲ್ಲಿ ಇಳಿಸಿದ್ರೆ ಇವತ್ತಿಗೇ ಮುಗಿದುಹೋಗತ್ತೆ ನಿಂಗೆ. ಅಷ್ಟು ಸುಲಭಕ್ಕೆ ಬಿಡಲ್ಲ ನಾನು. ನೀನು ಬದುಕ್ಬೇಕು, ಬಹಳ ವರ್ಷ."

ಬಾಗಿಲು ಹಾಕಿ ಬಂದು ಗಾಡಿ ಓಡಿಸಿದಳು. ಆಮೇಲೆ ಅವನು ಬದುಕಿದಷ್ಟು ದಿನವೂ ಒಯ್ದಳು, ಒಮ್ಮೆಯೂ ತಡ ಮಾಡಲಿಲ್ಲ. ಆದರೆ ಆ ಕಥೆಯನ್ನು ಮತ್ತೆ ಹೇಳಲಿಲ್ಲ, ಅವನೊಂದಿಗೆ ಒಂದು ಮಾತೂ ಆಡಲಿಲ್ಲ. ಬಯ್ಯಿ ತಾಯಿ, ಏನಾದ್ರೂ ಅನ್ನು ಎಂದು ಗಿಹೊ ಗುಡ್ಡದ ಉದ್ದಕ್ಕೂ ಗೋಗರೆಯುತ್ತಿದ್ದ. ಅವಳು ರಸ್ತೆ ನೋಡುತ್ತಿದ್ದಳು. ನಾನು ಹಿಂದೆ ಕೂತು ಅದನ್ನೆಲ್ಲ ಕಂಡಿದ್ದೇನೆ. ಬೈಗುಳ ಎಷ್ಟೋ ವಾಸಿಯಿತ್ತು.

ಅವನು ಸತ್ತ ಮೇಲೆ ಯೊನ್‌ಹ್ವಾ ಬಂದು, ತಾನೂ ರೋಗಿಗಳ ಜೊತೆ ಕೂತು ಬರಲೇ ಎಂದು ಕೇಳಿದಳು. ಬುನ್ನಾಮಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, ಮಂಗಳವಾರ ಬಾ ಎಂದಳು.

ಅವಳು ಹೋದ ಮೇಲೆ ನಾನು ಕೇಳಿದೆ, ಅವನನ್ನು ಕ್ಷಮಿಸಿದೆಯಾ ಅಕ್ಕ ಎಂದು.

"ಇಲ್ಲ" ಎಂದಳು. ಟೈರಿಗೆ ಗಾಳಿ ಹಾಕಿಸಬೇಕಿತ್ತು, ಇಬ್ಬರೂ ಹೊರಟೆವು.