ಸವಾಲಿನಲ್ಲಿ ಹೋದ ಸೀರೆ

ಭಾನುವಾರ ಊಟ ಮುಗಿದ ಮೇಲೆ ಇಳಕಲ್ಲಿನ ಶಿವಸಂಗಪ್ಪನ ನಡುಮನೆಯಲ್ಲಿ ಸವಾಲು ಶುರುವಾಗುತ್ತಿತ್ತು. ಮಗ ಬಸು ಫೋನನ್ನು ಗೋಡೆಯ ಹಲಗೆಯ ಮೇಲೆ ಆನಿಸಿ ನಿಲ್ಲಿಸಿ, ಸೀರೆ ಹರವಿ ಹಿಡಿದು, ಎಲ್ಲೆಲ್ಲಿಯವರೋ ಬರೆದು ಕಳಿಸಿದ ಬೆಲೆಯನ್ನು ಅವರ ಹೆಸರಿನ ಸಮೇತ ಕೂಗುತ್ತಿದ್ದ. ಬೇರೆಯವರು ಇದನ್ನು ಆನ್‌ಲೈನ್ ಹರಾಜು ಅನ್ನುತ್ತಿದ್ದರು. ಬಸುವಿನ ಬಾಯಿಗೆ ಬಂದದ್ದು ಗುಡಿಯ ಮಾತು. ದೇವಿಗೆ ಉಡಿಸಿದ ಸೀರೆಯನ್ನು ಪೂಜಾರಿ ಸವಾಲಿಗೆ ಹಾಕುವಾಗ ಹೇಗೆ ರಾಗ ಎಳೆಯುತ್ತಾನೋ ಹಾಗೇ ಎಳೆದು, "ಒಂದ್ಸರ್ತಿ... ಎರಡ್ಸರ್ತಿ..." ಅನ್ನುತ್ತಿದ್ದ.

ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಶಿವಸಂಗಪ್ಪ ಲಾಳಿ ನಿಲ್ಲಿಸಿ ಕೇಳುತ್ತಿದ್ದ. ಆ ವಾರ ಮಗನ ಕೈಯಲ್ಲಿದ್ದದ್ದು ಹಸಿರು ಸೀರೆ, ಕೆಂಪು ಸೆರಗಿನದು. ನೇಯ್ದವನು ತಾನು. ಸೆರಗಿನ ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದವಳು ಹೆಂಡತಿ ಕಾಳವ್ವ. ಹಾಗೆ ಕೂಡಿಸುವಾಗ ಆಕೆ ಯಾರ ಜೊತೆಗೂ ಮಾತಾಡುವುದಿಲ್ಲ.

ಕಡೆಗೆ ಸವಾಲಿನಲ್ಲಿ ಇಬ್ಬರೇ ಉಳಿದರು. ಒಬ್ಬಳು ಬಾದಾಮಿ ಹತ್ತಿರದ ಹಳ್ಳಿಯ ಮಲ್ಲಮ್ಮ. ಮಗಳು ತುಂಬಿದ ಬಸುರಿ. ಎಂಟು ದಿನ ಬಿಟ್ಟು ಸೋಮವಾರ ಸೀಮಂತದ ಕುಬಸ, ಉಡಿ ತುಂಬಲಿಕ್ಕೆ ಹಸಿರು ಸೀರೆ ಬೇಕು ಎಂದು ಮೊದಲೇ ಫೋನು ಮಾಡಿದ್ದಳು. ಇನ್ನೊಬ್ಬ ನವನಗರದ ಪ್ರಭು. ಮಲ್ಲಮ್ಮ ಏರಿಸಿದ ಬೆಲೆಯ ಮೇಲೆ ಅವನು ಏರಿಸುತ್ತಲೇ ಹೋದ. ಮಲ್ಲಮ್ಮ ಸುಮ್ಮನಾದಳು.

"ಪ್ರಭು ಸಾಹುಕಾರ್ರು! ನವನಗರದ ಪ್ರಭು ಸಾಹುಕಾರ್ರು! ಮೂರ್ಸರ್ತಿ!" ಬಸು ಮನೆಯ ಜಂತಿ ನಡುಗುವಂತೆ ಕೂಗಿದ.

ಕಾಳವ್ವ ಎದ್ದು ಬಂದಳು. ಮಾತು ಮುಗಿದ ಸೀರೆಯ ತುದಿಗೆ, ಕೊಂಡವರ ಮನೆಯ ಹೆಸರು ಹೇಳಿ ಒಂದು ಬೊಟ್ಟು ಕುಂಕುಮ ಹಚ್ಚುವುದು ಆಕೆಯ ಅತ್ತೆಯ ಕಾಲದಿಂದ ಬಂದ ರೂಢಿ. ಹಚ್ಚಿದ ಮೇಲೆ ಆ ಸೀರೆ ಅವರದು. ಇನ್ನೊಬ್ಬರು ದುಪ್ಪಟ್ಟು ಕೊಡುತ್ತೇನೆಂದರೂ ಮಾರುವ ಹಾಗಿಲ್ಲ. ಮನೆ ಬಾಗಿಲಿಗೆ ಬಂದು ಕೊಳ್ಳುವವರಿದ್ದಾಗ ರೊಕ್ಕವೂ ಕುಂಕುಮವೂ ಜೊತೆಗೇ ಆಗುತ್ತಿದ್ದವು. ಈಗ ಕುಂಕುಮ ಮೊದಲಾಗಿತ್ತು.

ರೊಕ್ಕ ಬರಲಿಲ್ಲ. ಬಸು ಕೇಳಿದಾಗಲೆಲ್ಲ ಒಂದೊಂದು ಉತ್ತರ ಬಂತು. ಬ್ಯಾಂಕಿನಾಗ ಕುಂತೇನಿ. ಅತ್ತಿ ದವಾಖಾನ್ಯಾಗ ಅದಾಳ. ಫೋನ್ ಚಾರ್ಜ್ ಇಲ್ಲ. ಆಮೇಲೆ ಪ್ರಭು ಫೋನು ಎತ್ತುವುದನ್ನೇ ಬಿಟ್ಟ.

"ಅಪ್ಪಾ, ಇಂಥಾವ್ರ ಭಾಳ ಅದಾರ. ಮಲ್ಲಮ್ಮಗ ಕೊಟ್ಟ ಬಿಡೂಣು."

"ಕುಂಕುಮ ಹಚ್ಚೈತಲೇ."

"ಕುಂಕುಮ ನಮ್ಮವ್ವ ಹಚ್ಚ್ಯಾಳ. ಆ ಮಗಗ ಅದರ ಖಬರರ ಐತೇನು?"

"ಅವಗಿಲ್ಲಂದ್ರ ನಮಗಿಲ್ಲೇನು? ಅವನ ಬಾಯಿಲೆ ಒಲ್ಲೆ ಅನಸ್ತೇನಿ. ಆಮ್ಯಾಲ ಮಲ್ಲಮ್ಮಗ ಕೊಡೂಣು."

ಕುಬಸದ ಹಿಂದಿನ ದಿನ, ಭಾನುವಾರ ಮುಂಜಾನೆ ಶಿವಸಂಗಪ್ಪ ಮಲ್ಲಮ್ಮಗೆ ಫೋನು ಹಚ್ಚಿದ. "ತಂಗೀ, ಸೀರಿ ತಗೊಂಡ ಸಂಜೀಕ ಬಾದಾಮಿಗೆ ಬರ್ತೇನಿ, ನೀ ಸ್ಟ್ಯಾಂಡಿಗೆ ಬಾ" ಅಂದ. ಸೀರೆಯನ್ನು ಮಡಿ ಪಂಚೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಮೊದಲು ಹುನಗುಂದದ ಮೇಲಿಂದ ನವನಗರಕ್ಕೆ ಹೋಗುವ ಬಸ್ಸು ಹತ್ತಿದ. ಜನ ಕಿಕ್ಕಿರಿದಿದ್ದರು. ಚೀಲವನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡೇ ನಿಂತ.

ನವನಗರದಲ್ಲಿ ಪ್ರಭುವಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗೇಟಿನ ಮೇಲೆ ಅವನದೇ ಹೆಸರು, ಅವನದೇ ಫೋಟೋ. ಒಳಗೆ ತೂಗುಮಂಚದ ಮೇಲೆ ಪ್ರಭು, ಸುತ್ತ ಅವನ ಗೆಳೆಯರು, ನಡುವೆ ಪೇಪರಿನ ಮೇಲೆ ಮಿರ್ಚಿ ಭಜಿ. ಶಿವಸಂಗಪ್ಪ ತಾನು ಯಾರೆಂದು ಹೇಳಿದ ಕೂಡಲೇ ಪ್ರಭುವಿನ ಮುಖ ಅರಳಿತು. ಶಿವಸಂಗಪ್ಪ ಬೇರೆ ಏನೇನೋ ನಿರೀಕ್ಷಿಸಿದ್ದ, ಆ ಅರಳಿದ ಮುಖವನ್ನಲ್ಲ.

"ಓಹೋ, ಸವಾಲಿನ ಬಸೂನ ತಂದಿ! ಬರ್ರಿ ಯಜಮಾನ್ರ, ಕುಂದರ್ರಿ. ಏನ್ ಕೂಗತಾನ್ರೀ ನಿಮ್ಮ ಮಗ! ನವನಗರದ ಪ್ರಭು ಸಾಹುಕಾರ್ರು! ಇವ್ರೆಲ್ಲಾ ಅದನ್ನ ಕೇಳಾಕ ಅಂತನ ಬರ್ತಾರ ನೋಡ್ರಿ."

ಗೆಳೆಯರು ನಕ್ಕರು. ಒಬ್ಬ ಅದೇ ರಾಗ ಎಳೆದು "ಮೂರ್ಸರ್ತಿ" ಅಂದ.

"ಸೀರಿ ತಂದೇನ್ರಿ. ರೊಕ್ಕ ಕೊಟ್ಟ ಇಟ್ಕೋರಿ. ಇಲ್ಲಾ, ಒಲ್ಲೆ ಅಂತ ಹೇಳ್ರಿ. ಒಂದ ಬಸುರಿ ಹೆಣಮಗಳು ಕಾದ ಕುಂತಾಳ."

"ಒಲ್ಲೆ ಯಾಕ ಅನ್ಲಿ? ಸವಾಲ್ ಹಿಡದೇನಿ, ಹಿಂದ ಸರಿಯೂ ಮಗ ಅಲ್ಲ. ಆದ್ರ ಸವಾಲಿನ ರೊಕ್ಕ ಯಾರರ ಕೂಡ್ಲೆ ಕೊಡ್ತಾರೇನ್ರಿ? ನಮ್ಮೂರ ಗುಡ್ಯಾಗ ಹೋದ ವರ್ಷ ದೇವರ ಕಾಯಿ ಹಿಡದೇನಿ, ಈ ವರ್ಷ ಮುಟ್ಟಸ್ತೇನಿ. ಹೆಸರ ಕೂಗೂದು ಈಗ, ರೊಕ್ಕ ವರ್ಷಕ್ಕ. ಪದ್ಧತಿ ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಕೂತು ಇಂಥ ಹೆಸರುಗಳನ್ನು ಶಿವಸಂಗಪ್ಪ ಎಷ್ಟೋ ಕೇಳಿದ್ದ. ದೇವರು ವರ್ಷಗಟ್ಟಲೆ ಕಾಯುತ್ತಾನೆ, ಅವನು ನೂಲು ಕೊಳ್ಳಬೇಕಾಗಿಲ್ಲ.

"ಇದು ದೇವರ ಕಾಯಲ್ರಿ. ದುಡದ ಸೀರಿ. ಮನ್ಯಾಗ ಯಾರ ಉಡಾವ್ರು?"

"ಯಾರೂ ಇಲ್ಲ! ನಮ್ಮಾಕಿ ಬರೇ ಚೂಡಿದಾರ. ತೋರ್ಸರಿ, ನೋಡೂಣು."

ಪಂಚೆ ಬಿಚ್ಚಿದ್ದೇ ತಪ್ಪಾಯಿತು. ಪ್ರಭು ಭಜಿ ಹಿಡಿದಿದ್ದ ಕೈಯನ್ನು ತೂಗುಮಂಚದ ಅಂಚಿಗೆ ಒರೆಸಿದಂತೆ ಮಾಡಿ ಸೀರೆ ಎಳೆದುಕೊಂಡ. ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು, ಇನ್ನೊಂದು ತುದಿಯನ್ನು ತಲೆಗೆ ಪಟಗದ ಹಾಗೆ ಸುತ್ತಿ, "ಹೊಡೀಲೇ ಫೋಟೋ" ಅಂದ. ಹಲ್ಲಿನ ಸಂದಿಯಲ್ಲಿ ಮೆಣಸಿನಕಾಯಿಯ ಸಿಪ್ಪೆ ಕಾಣುತ್ತಿತ್ತು. "ನಿಮ್ಮ ಬಸೂನ ಪೇಜಿನಾಗನ ಹಾಕಿಸ್ತೇನ್ರಿ, ನಿಮಗ ಪುಕ್ಕಟ ಪ್ರಚಾರ."

ಶಿವಸಂಗಪ್ಪ ಅವನ ತಲೆಯಿಂದ, ಹೆಗಲಿಂದ ಸೀರೆಯನ್ನು ಬಿಡಿಸಿಕೊಂಡ. ಬಿಡಿಸುವಾಗ ಅವನ ಬೆವರು ಕೈಗೆ ತಾಗಿತು. ಹೊರಗೆ ಬಂದು ಚೀಲ ಕೆಳಗಿಟ್ಟು ರಸ್ತೆಯ ನಳದಲ್ಲಿ ಕೈ ತೊಳೆದ, ಮತ್ತೊಮ್ಮೆ ತೊಳೆದ. ಸೆರಗಿನ ಕೆಂಪಿನ ಪಕ್ಕ, ಹಸಿರಿನ ಮೇಲೆ, ಎಣ್ಣೆಯ ಬೆರಳುಗಳು ಮೂಡಿದ್ದವು. ಪ್ರಭು ಒಲ್ಲೆ ಅಂದಿರಲಿಲ್ಲ. ಆದರೂ ಶಿವಸಂಗಪ್ಪ ಬಾದಾಮಿಯ ಬಸ್ಸೇ ಹತ್ತಿದ. ಕುಂಕುಮದ ಪಾಪ ನನಗಿರಲಿ, ಆ ಹುಡುಗಿಗೆ ಸೀರೆ ಮುಟ್ಟಲಿ ಎಂದುಕೊಂಡ.

ಬಾದಾಮಿ ಸ್ಟ್ಯಾಂಡಿನಲ್ಲಿ ಮಲ್ಲಮ್ಮ ಕಾದಿದ್ದಳು. ಸೀರೆಯನ್ನು ಚೀಲದಲ್ಲೇ ಮುಟ್ಟಿ ನೋಡಿದಳು. ಬೆರಳು ಕೊಂಡಿಯ ಸಾಲಿನ ಮೇಲೆ ಹೋಗಿ ಅಲ್ಲೇ ನಿಂತಿತು.

"ಸೀರಿ ಭಾಳ ಚಂದ ಐತಿ ಅಣ್ಣಾರ. ಆದ್ರ ನಾ ಒಯ್ಯೂದಿಲ್ಲ."

"ಎಣ್ಣಿ ಕಲಿ ಹೋಗತೈತಿ ತಂಗೀ. ಬೆಲಿ ನಿನಗ ತಿಳದಷ್ಟ ಕೊಡು."

"ಬೆಲೀದಲ್ಲ." ಆಕೆ ಫೋನು ತೆಗೆದು ಮುಂದೆ ಹಿಡಿದಳು. ಬಸುವಿನ ಪೇಜಿನಲ್ಲಿ ಪ್ರಭು ಹಲ್ಲು ಕಿರಿದು ಕೂತಿದ್ದ, ತಲೆಯ ಮೇಲೆ ಹಸಿರು, ಹೆಗಲ ಮೇಲೆ ಕೆಂಪು. "ನನ್ನ ಮಗಳೇ ಮೊದಲ ನೋಡ್ಯಾಳ. 'ಯವ್ವಾ, ಅದ ನನ್ನ ಸೀರಿ ಅಲ್ಲೇನು' ಅಂದ್ಲು. ಇಂಥಾವನ ತಲಿಗೆ ಸುತ್ತಿದ್ದನ್ನ ನಾ ಆಕಿ ಉಡ್ಯಾಗ ಹ್ಯಾಂಗ ಹಾಕ್ಲಿ ಹೇಳ್ರಿ?"

ಶಿವಸಂಗಪ್ಪ ಚೀಲದ ಬಾಯಿ ಮಡಚಿದ. ಮಲ್ಲಮ್ಮನ ಕಂಕುಳಲ್ಲಿ ಪ್ಲಾಸ್ಟಿಕ್ ಚೀಲವೊಂದಿತ್ತು. ಅದರೊಳಗಿನ ಪಾಲಿಸ್ಟರ್ ಸೀರೆಯ ಹಸಿರು ಕಣ್ಣಿಗೆ ಚುಚ್ಚಿತು.

"ಬಜಾರದಾಗ ಇದ ಸಿಕ್ತ್ರಿ" ಅಂದಳು, ತಪ್ಪು ತನ್ನದೇ ಎಂಬ ಹಾಗೆ. "ಚಾ ಕುಡದ ಹೋಗ್ರಿ ಅಣ್ಣಾರ."

ಮನೆಯಲ್ಲಿ ಕಾಳವ್ವ ಸೀರೆ ಮೂಸಿ ನೋಡಿ ಮುಖ ಕಿವುಚಿದಳು. ಕಡ್ಲೆಹಿಟ್ಟು ತಿಕ್ಕಿದಳು, ನೆರಳಿಗೆ ಒಣಹಾಕಿದಳು. ಕಲೆ ಮಸುಕಾಯಿತು. "ನೀನ ಉಡು" ಎಂದ ಗಂಡನಿಗೆ, "ನನಗ ಬ್ಯಾರೆ ಅರಿವಿ ಇಲ್ಲೇನು?" ಅಂದಳು. ಸೀರೆ ಹಗ್ಗದ ಮೇಲೆಯೇ ಉಳಿಯಿತು.

ಮುಂದಿನ ಭಾನುವಾರ ಬಸು ಮತ್ತೆ ಫೋನು ನಿಲ್ಲಿಸಿದ. "ಸವಾಲು ಅನಬ್ಯಾಡ" ಎಂದ ಅಪ್ಪ. "ಬೆಲಿ ಹೇಳು. ರೊಕ್ಕ ಬಂದ್ರಷ್ಟ ಕೊಡು. ಯಾರ ಹೆಸರೂ ಕೂಗಬ್ಯಾಡ."

ಬಸು ಬೆಲೆ ಹೇಳಿದ. ಸ್ವಲ್ಪ ಹೊತ್ತಿಗೇ ದನಿ ತಗ್ಗಿಸಿ, "ಅಪ್ಪಾ, ಆ ನವನಗರದಾಂವ ಫೋನಿನಾಗ ಬಂದಾನ. ಹೆಸರ ಕೂಗವಲ್ಲಿ ಯಾಕ ಅಂತ ಕೇಳಾಕತ್ತಾನ" ಅಂದ.

"ಕೇಳ್ಲಿ."

"ಗೆಳ್ಯಾರ ನಗಾಕತ್ತಾರಂತ... ಅಪ್ಪಾ! ಹಸರ ಸೀರಿ ರೊಕ್ಕ ಹಾಕ್ಯಾನ. ಪೂರಾ! 'ಈಗರ ಕೂಗು' ಅಂತಾನ."

ಶಿವಸಂಗಪ್ಪ ಲಾಳಿ ಕೆಳಗಿಟ್ಟ. ಹಗ್ಗದ ಮೇಲಿದ್ದ ಸೀರೆಯ ತುದಿಯಲ್ಲಿ ಕುಂಕುಮ ಇನ್ನೂ ತೆಳ್ಳಗೆ ಉಳಿದಿತ್ತು. ಕಾಳವ್ವ ಸತ್ತ ಹಲ್ಲಿಯನ್ನು ಎತ್ತುವ ಹಾಗೆ ಎರಡೇ ಬೆರಳಿನಲ್ಲಿ ಸೀರೆಯನ್ನು ಎಳೆದು ಪಾರ್ಸಲ್ ಚೀಲಕ್ಕೆ ತುರುಕಿದಳು. ಮಡಚಲೂ ಇಲ್ಲ.

"ಕೂಗ್ಲೇನಪ್ಪಾ? ರೊಕ್ಕ ಬಂದೈತಿ."

"ರೊಕ್ಕ ಸೀರಿದು" ಅಂದ ಶಿವಸಂಗಪ್ಪ. "ಹೆಸರಿಂದಲ್ಲ." ಮತ್ತೆ ಲಾಳಿ ಎಸೆದ.

ಹಲಗೆಯ ಮೇಲೆ ಫೋನು ಟಿಣ್ ಟಿಣ್ ಅನ್ನುತ್ತಲೇ ಇತ್ತು.