ಹಳದಿ ಕಾಲುಚೀಲ

ಇಪ್ಪತ್ತು ವರ್ಷದ ಹಿಂದೆ, ಹೆಣ್ಣು ಕೇಳಲು ಹೋದ ದಿನ, ಕಾರು ಮೇಸ್ತ್ರಿ ತನ್ನ ಅತ್ತೆಯಾಗಲಿದ್ದವರಿಗೆ ಒಂದು ಮಾತು ಕೊಟ್ಟಿದ್ದ. ಅವರು ಊರಿಗೇ ಹೊಲಿಗೆ ಕಲಿಸಿದವರು. ಹುಡುಗನ ಉಗುರಿನ ಸಂದಿಯ ಕಪ್ಪನ್ನು ಒಂದು ಗಳಿಗೆ ನೋಡಿ, "ಇವಳದು ಬಿಳಿ ಬಟ್ಟೆ ಹೊಲಿಯೋ ಕೈ. ನಿನ್ನ ಗ್ರೀಸು ಈ ಕೈಗೆ ತಾಗಬಾರದು, ನಾನು ಕೇಳೋದು ಅಷ್ಟೇ" ಅಂದಿದ್ದರು. ಅವನು ಹೂಂ ಅಂದಿದ್ದ.

ಅಂದಿನಿಂದ ಆ ಮಾತನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ. ಗ್ಯಾರೇಜು ಕೆಳಗೆ, ಹೊಲಿಗೆ ಯಂತ್ರ ಮೇಲೆ. ಕೆಲಸದ ಬಟ್ಟೆ ತಾನೇ ಒಗೆದುಕೊಂಡ. ಮೂರು ಸಲ ಕೈ ತೊಳೆಯದೆ ಮೆಟ್ಟಿಲು ಹತ್ತಿದವನಲ್ಲ. ಬಿದ್ದ ಸ್ಪ್ಯಾನರನ್ನು ಎತ್ತಿಕೊಡಲು ಹೆಂಡತಿ ಬಗ್ಗಿದರೂ ಓಡಿ ಬಂದು ತಡೆಯುತ್ತಿದ್ದ. ಇವರು ನನ್ನನ್ನು ಮದುವೆಯಾದರೋ, ಇಸ್ತ್ರಿ ಮಾಡಿ ಮಡಿಚಿಟ್ಟರೋ ಎಂದು ಅವಳು ನಗುತ್ತಿದ್ದಳು.

ಹೀಗಿರುವಾಗ ನರ್ಸಮ್ಮನ ಟರ್ಬೊ ಡೀಸೆಲ್ ಕಾರು ಒಂದೇ ತಿಂಗಳಲ್ಲಿ ಮೂರನೆಯ ಸಲ ಬಂತು. ಇವರ ಇಬ್ಬರು ಹೆಣ್ಣುಮಕ್ಕಳ ಹೆರಿಗೆ ಮಾಡಿಸಿದ ನರ್ಸಮ್ಮ. ಮೊದಲ ಸಲ ಇಂಟರ್‌ಕೂಲರ್ ಒಡೆದಿತ್ತು. ಟರ್ಬೊ ಒತ್ತಿ ಕಳಿಸುವ ಬಿಸಿಗಾಳಿಯನ್ನು ಎಂಜಿನ್ನಿಗೆ ಸೇರುವ ಮುನ್ನ ತಣಿಸುವ, ಬಂಪರಿನ ಹಿಂದಿನ ಜಾಲರಿ ಪೆಟ್ಟಿಗೆ ಅದು. ಮೇಸ್ತ್ರಿ ಹೊಸದು ಹಾಕಿ ಕಳಿಸಿದ. ಆಮೇಲೆ ಕಾರು ಸಪಾಟು ರಸ್ತೆಯಲ್ಲಿ ಕುದುರೆ, ಏರು ಕಂಡರೆ ಕತ್ತೆ. ಕಪ್ಪು ಹೊಗೆ ಕಾರಿ ನಿಂತೇಬಿಡುತ್ತಿತ್ತು. ಎರಡನೆಯ ಸಲ ಗಾಳಿಯ ರಬ್ಬರ್ ಹೋಸು ಬದಲಿಸಿ ಕ್ಲಿಪ್ಪು ಬಿಗಿದ. ಈ ಸಲ ಗಾಳಿದಾರಿಯ ಎರಡೂ ತುದಿ ಮುಚ್ಚಿ, ಗಾಳಿ ತುಂಬಿಸಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಸವರಿದ. ಒಂದು ಗುಳ್ಳೆಯೂ ಏಳಲಿಲ್ಲ.

ಐದು ಗಂಟೆಗೆ ನರ್ಸಮ್ಮ ಗುಡ್ಡದ ಮೇಲಿನ ತುಂಬು ಬಸುರಿಯನ್ನು ನೋಡಲು ಹೊರಡಬೇಕು. ಕಾರು ಮತ್ತೆ ಏರಿನಲ್ಲಿ ಕೈಕೊಟ್ಟರೆ? ಆ ಯೋಚನೆಯಲ್ಲೇ ಬಂಪರ್ ಬಿಚ್ಚಲು ಬಗ್ಗಿದ ಮೇಸ್ತ್ರಿಯ ಸೊಂಟ ಹಿಡಿದುಕೊಂಡಿತು. ಅಲ್ಲೇ ನೆಲಕ್ಕೊರಗಿದ. ಆಗ ನಾಲ್ಕು ಗಂಟೆ.

ಸದ್ದು ಕೇಳಿ ಹೆಂಡತಿ ಇಳಿದು ಬಂದಳು. ಅವನ ತಲೆಯಡಿಗೆ ಬಟ್ಟೆಯ ಗಂಟು ಕೊಟ್ಟು, ಎದ್ದು ನಿಂತವಳಿಗೆ ಗೋಡೆಯ ತಂತಿ ಕಂಡಿತು. ಬಿಚ್ಚಿದ ಪೈಪಿನೊಳಗೆ ನಟ್ಟು ಬೀಳದಿರಲೆಂದು ಬಾಯಿಗೆ ಮಕ್ಕಳ ಹಳೆಯ ಕಾಲುಚೀಲ ತುರುಕುವುದು ಮೇಸ್ತ್ರಿಯ ರೂಢಿ. ಕೆಲಸ ಮುಗಿದ ಮೇಲೆ ಒಗೆದು ಜೋಡಿಜೋಡಿಯಾಗಿ ತಂತಿಗೆ ಹಾಕುತ್ತಿದ್ದ. ಚಿಕ್ಕವಳ ಹಳದಿಯದು ಒಂದೇ ಒಂದು ನೇತಾಡುತ್ತಿತ್ತು.

"ರೀ, ಇದರ ಜೋಡಿ ಎಲ್ಲಿ?"

"ಬೆಕ್ಕು ಎಳ್ಕೊಂಡು ಹೋಗಿರ್ಬೇಕು ಕಣೆ."

"ಹೋಗಿ ಎಷ್ಟು ದಿನ ಆಯ್ತು?"

ಅವನು ದಿನ ಎಣಿಸಿದ: ನರ್ಸಮ್ಮನ ಕಾರಿಗೆ ಹೊಸ ಇಂಟರ್‌ಕೂಲರ್ ಹಾಕಿದಂದಿನಿಂದ. ಗಾಳಿ ಎಲ್ಲೂ ಸೋರುತ್ತಿರಲಿಲ್ಲ, ನಿಜ. ಮುಂದೆ ಹೋಗುತ್ತಲೂ ಇರಲಿಲ್ಲ. ಸೋರಿಕೆ ಹುಡುಕುವ ಭರದಲ್ಲಿ ಅಡ್ಡಿ ಹುಡುಕುವುದೇ ಮರೆತಿತ್ತು. ನೂಲಿನ ಸಂದಿಯಿಂದ ನುಸುಳಿದ ಗಾಳಿ ಸಪಾಟಿಗೆ ಸಾಕು, ಏರಿಗೆ ಸಾಲದು. ಮೂವತ್ತು ವರ್ಷದ ಅನುಭವ ಅಂಗೈಯಗಲದ ಕಾಲುಚೀಲದೆದುರು ಮಣ್ಣುಮುಕ್ಕಿತ್ತು.

ಪೆಟ್ಟಿಗೆಯ ಬಾಯಿ ಕಿರಿದು. ಬಂಪರ್ ಬಿಚ್ಚದೆ ಅವನ ದಪ್ಪ ಕೈ ಅಲ್ಲಿಗೆ ಹೋಗದು. ಅವಳು ಆಗಲೇ ತೋಳು ಮಡಚುತ್ತಿದ್ದಳು. ಅವನು ಏಳಲು ಹೋಗಿ ನರಳಿದ. ಬೇಡ, ನಿಮ್ಮಮ್ಮನಿಗೆ ಮಾತು ಕೊಟ್ಟಿದೀನಿ ಎಂದು ಗೋಗರೆದ.

"ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡೋಳು ಯಾರು ಅಂದ್ಕೊಂಡಿದೀರಿ, ಇಪ್ಪತ್ತು ವರ್ಷದಿಂದ?" ಎಂದಳು ಅವಳು. "ಸುಮ್ಮನೆ ಮಲ್ಕೊಂಡು, ಯಾವ ಕ್ಲಿಪ್ಪು ಅಂತ ಹೇಳಿ."

ಅವನು ಹೇಳಿದ. ಅವಳು ಕ್ಲಿಪ್ಪು ಸಡಿಲಿಸಿ, ಹೋಸು ಎಳೆದು, ಸೂಜಿಗೆ ದಾರ ಪೋಣಿಸುವವಳ ಹಾಗೆ ಕಣ್ಣು ಕಿರಿದು ಮಾಡಿ ಕೈಯನ್ನು ಮೊಣಕೈವರೆಗೂ ಒಳಗೆ ತೂರಿಸಿದಳು. ಮಸಿ ಹಿಡಿದು, ಎಣ್ಣೆ ಕುಡಿದು, ಸತ್ತ ಇಲಿಯಂತೆ ಕಾಲುಚೀಲ ಹೊರಬಂತು. ಇಬ್ಬರೂ ನಕ್ಕರು, ಅವನು ಸೊಂಟ ಹಿಡಿದುಕೊಂಡೇ ನಕ್ಕ.

ಹೋಸು ಕೂರಿಸಿ ಬಿಗಿದವಳೂ ಅವಳೇ. ಐದಕ್ಕೆ ನರ್ಸಮ್ಮ ಹೊರಟರು. ಆರೂವರೆಗೆ ಗುಡ್ಡದ ಮೇಲಿಂದ ಫೋನು ಬಂತು: ಕಾರು ಎಲ್ಲೂ ನಿಲ್ಲದೆ ಹತ್ತಿದೆ, ಮೇಸ್ತ್ರಿಯ ಕೈಗುಣವೇ ಕೈಗುಣ. ನನ್ನದಲ್ಲ, ಮನೆಯವಳದು ಎಂದ ಮೇಸ್ತ್ರಿ.

ಹೆಂಡತಿಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸೋಪು ಹಾಕಿ ಮೂರು ಸಲ ತಿಕ್ಕಿದ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಅತ್ತೆಗೆ ಕೊಟ್ಟ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.